ಉದ್ರಿ ಕೊಳ್ಳುವವರಿಗೂ ರಸೀದಿ ಬೇಕು

ಹೊರಗಿನವರಿಗೆ ಸೊರಬ ತಾಲ್ಲೂಕಿನ ಗುಡವಿ ಎಂದರೆ ಪಕ್ಷಿಧಾಮ. ಸುತ್ತಮುತ್ತಲಿನ ರೈತರಿಗೆ ಅದು ಭತ್ತ, ಅಡಿಕೆ, ಮೆಕ್ಕೆಜೋಳದ ಸೀಮೆ. ಮುಂಗಾರು ಹಿಡಿದು ಕೆರೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವ ಹೊತ್ತಿಗೇ ಹೊಲಗದ್ದೆಗಳಿಗೆ ಯೂರಿಯಾ ಬೇಕಾಗುತ್ತದೆ. ಆ ಕೆಲವು ವಾರ ಗೊಬ್ಬರದಂಗಡಿಯ ಮುಂದೆ ನಿಂತು ನೋಡಿದರೆ, ವ್ಯಾಪಾರದ ಮೇಲೆ ಸರ್ಕಾರಕ್ಕೆ ಎಷ್ಟು ಹಿಡಿತವಿದೆ, ಎಲ್ಲಿ ಇಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ.

45 ಕೆ.ಜಿ. ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಇದನ್ನು ನಿಗದಿ ಮಾಡಿದ್ದು ಕೇಂದ್ರ ಸರ್ಕಾರ, ಅಂಗಡಿಯವನಲ್ಲ. ಸಹಾಯಧನದ ಗೊಬ್ಬರವಾದ್ದರಿಂದ ಪಿಒಎಸ್ ಯಂತ್ರದಲ್ಲಿ ಆಧಾರ್ ಸಂಖ್ಯೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅಂಗಡಿಯ ಬೋರ್ಡಿನಲ್ಲಿ ಆ ದಿನದ ದಾಸ್ತಾನು ಮತ್ತು ದರ ಬರೆದಿರಬೇಕು. ಅದೇ ಅಂಗಡಿಯಲ್ಲಿ ಕೀಟನಾಶಕವೂ ಬಿತ್ತನೆ ಬೀಜವೂ ಇದ್ದರೆ ಅವುಗಳಿಗೆ ಬೇರೆಬೇರೆ ಪರವಾನಗಿ ಬೇಕು. ಹೀಗೆ ಒಂದೇ ಬಾಗಿಲಿನ ಅಂಗಡಿ ಮೂರು ಕಾನೂನುಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಇದ್ದೂ ರೈತರ ಬಾಯಲ್ಲಿ ಪ್ರತಿ ಹಂಗಾಮಿನಲ್ಲೂ ಕೇಳಿಬರುವ ದೂರು ‘ಲಿಂಕ್’ನದ್ದು. ಯೂರಿಯಾ ಬೇಕಾದರೆ ಜೊತೆಗೆ ಒಂದು ಸತುವಿನ ಪೊಟ್ಟಣವನ್ನೋ ಲಘು ಪೋಷಕಾಂಶದ ಬಾಟಲಿಯನ್ನೋ ಕೊಳ್ಳಬೇಕು. ಚೀಲದ ಬೆಲೆ ಒಂದು ಪೈಸೆಯೂ ಹೆಚ್ಚಾಗಿರುವುದಿಲ್ಲ, ಆದರೆ ಜೇಬಿನಿಂದ ಹೋಗುವ ದುಡ್ಡು ಹೆಚ್ಚಾಗಿರುತ್ತದೆ. ಹೀಗೆ ಬಲವಂತವಾಗಿ ಜೋಡಿಸಿ ಮಾರುವಂತಿಲ್ಲವೆಂದು ಸರ್ಕಾರ ಪದೇಪದೇ ಹೇಳಿದೆ. ಎಷ್ಟೋ ಸಲ ಕಂಪನಿಗಳೇ ಅಂಗಡಿಯವನ ಮೇಲೆ ಇದನ್ನು ಹೇರುತ್ತವೆ ಎಂಬ ಮಾತನ್ನೂ ಮರೆಯುವಂತಿಲ್ಲ. ಅಂಗಡಿಯವನನ್ನು ಮಾತ್ರ ದಂಡಿಸಿದರೆ ರೋಗದ ಮೂಲ ಉಳಿದುಬಿಡುತ್ತದೆ.

ಕಿರಾಣಿ ಅಂಗಡಿಯ ಕಥೆ ಬೇರೆ. ಅಲ್ಲಿ ಸರ್ಕಾರ ಬೆಲೆ ಕಟ್ಟುವುದಿಲ್ಲ. ಪೊಟ್ಟಣದ ಮೇಲೆ ತಯಾರಕನೇ ಎಂಆರ್‌ಪಿ ಅಚ್ಚು ಹಾಕುತ್ತಾನೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ಪಕ್ಷಿ ನೋಡಲು ಬಂದವರಿಗೆ ತಂಪು ಪಾನೀಯ ಕೊಟ್ಟು ‘ಫ್ರಿಜ್ಜಿನ ಕರೆಂಟು ಖರ್ಚು’ ಎಂದು ಐದು ರೂಪಾಯಿ ಸೇರಿಸುವುದಕ್ಕೂ ಅವಕಾಶವಿಲ್ಲ. ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆ, ಬೆಲ್ಲಕ್ಕೆ ಎಂಆರ್‌ಪಿ ಇಲ್ಲ. ಅಲ್ಲಿ ಗಿರಾಕಿಗೆ ಆಸರೆ ತಕ್ಕಡಿಯೊಂದೇ. ಕಾನೂನು ಮಾಪನ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ 12 ತಿಂಗಳಿಗೊಮ್ಮೆ, ತೂಕದ ಕಲ್ಲು ಮತ್ತು ಹಳೆಯ ಕಾಲದ ತಕ್ಕಡಿಗೆ 24 ತಿಂಗಳಿಗೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು. ಬಡವರ ಮನೆಯ ಸಾಮಾನಿನಲ್ಲಿ ಬಹುಪಾಲು ಇಂಥ ಬಿಡಿ ಸಾಮಾನೇ. ಹಾಗಾಗಿ ಹಳ್ಳಿಯ ಮಟ್ಟಿಗೆ ಎಂಆರ್‌ಪಿಗಿಂತ ಈ ಮುದ್ರೆಯೇ ದೊಡ್ಡದು ಎಂಬುದು ನನ್ನ ಎಣಿಕೆ.

ನ್ಯಾಯಬೆಲೆ ಅಂಗಡಿಯಲ್ಲಿ ಮಾಲೀಕ ನಿಜವಾದ ಅರ್ಥದಲ್ಲಿ ವ್ಯಾಪಾರಿಯೇ ಅಲ್ಲ. ಧಾನ್ಯ ಸರ್ಕಾರದ್ದು, ಪ್ರಮಾಣ ಸರ್ಕಾರದ್ದು. ಅವನಿಗೆ ಸಿಗುವುದು ಕಮಿಷನ್. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಅಂಗಡಿಗಳ ಮೇಲೆ ಜಾಗೃತ ಸಮಿತಿ ಮತ್ತು ಸಾಮಾಜಿಕ ಲೆಕ್ಕ ಪರಿಶೋಧನೆ ಇರಬೇಕೆಂದು ಹೇಳಿದೆ. ಊರಿನವರೇ ಕೂತು ಲೆಕ್ಕ ಕೇಳಬಹುದಾದ ಅಂಗಡಿಯೆಂದರೆ ಇದು.

ಸಂತೆಗೆ ಬಂದರೆ ಈ ಕಟ್ಟುಪಾಡು ಬಹುಮಟ್ಟಿಗೆ ಸಡಿಲ. ಬೀದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ, ಸಮಿತಿಯಲ್ಲಿ ಪ್ರಾತಿನಿಧ್ಯ, ಏಕಾಏಕಿ ಎಬ್ಬಿಸದಂತೆ ರಕ್ಷಣೆ ಕೊಟ್ಟ 2014ರ ಕಾಯ್ದೆ ನಗರ ಪ್ರದೇಶಕ್ಕೆ ಸೀಮಿತ. ಶಿಕಾರಿಪುರ ಪಟ್ಟಣದ ರಸ್ತೆ ಬದಿಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಸಿಗುವ ಈ ರಕ್ಷಣೆ, ಅದೇ ಸೊಪ್ಪನ್ನು ಹಳ್ಳಿಯ ಸಂತೆಗೆ ಒಯ್ದರೆ ಸಿಗುವುದಿಲ್ಲ. ಅಲ್ಲಿ ಅವಳು ಪಂಚಾಯಿತಿಗೆ, ಅಥವಾ ಸಂತೆ ಸುಂಕವನ್ನು ಹರಾಜಿನಲ್ಲಿ ಹಿಡಿದವನಿಗೆ, ನೆಲದ ದುಡ್ಡು ಕೊಟ್ಟು ಕೂರುತ್ತಾಳೆ.

ಸುಂಕದ ಈ ಸಂಬಂಧ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ದೊಡ್ಡ ಪೇಟೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಧಿಕಾರ ಪೇಟೆಗೆ ಮೊದಲು ಬಂದದ್ದು ಮಾರುವವನ ಗಂಟಿನಲ್ಲಿ ಪಾಲು ಕೇಳಲು. ಕೊಳ್ಳುವವನಿಗೆಂದೇ ಒಂದು ಕಾಯ್ದೆ ಆಗಲು ನಮ್ಮಲ್ಲಿ 1986ರವರೆಗೆ ಕಾಯಬೇಕಾಯಿತು. ತೆರಿಗೆಯ ಕೈ ಎಷ್ಟು ದೂರ ಚಾಚುತ್ತದೋ ರಕ್ಷಣೆಯ ಕೈ ಅಷ್ಟು ದೂರ ಚಾಚುವುದಿಲ್ಲ ಎಂಬುದು ಇವತ್ತಿಗೂ ನಿಜ.

2025ರ ಜುಲೈಯಲ್ಲಿ ನಡೆದದ್ದನ್ನೇ ನೋಡಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸೊರಬಕ್ಕೆ ಪಕ್ಕದ ಜಿಲ್ಲೆಯಾದ ಹಾವೇರಿಯಲ್ಲಿ ತರಕಾರಿ ವ್ಯಾಪಾರಿಯೊಬ್ಬರಿಗೂ ಲಕ್ಷಗಟ್ಟಲೆ ತೆರಿಗೆಯ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹರಿದು ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ತಾಜಾ ತರಕಾರಿಯಂಥ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಗೊಡವೆಯೇ ಇಲ್ಲ. ಆದರೆ ತರಕಾರಿಯ ಪಕ್ಕದಲ್ಲಿ ಬಿಸ್ಕತ್ತು, ಸೋಪು ಇಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ, 40 ಲಕ್ಷದ ಮಿತಿಗೆ ತರಕಾರಿಯ ದುಡ್ಡೂ ಸೇರುತ್ತದೆ. ಇದನ್ನು ಯಾರಾದರೂ ಆ ವ್ಯಾಪಾರಿಗೆ ಮೊದಲೇ ಕೂರಿಸಿ ಹೇಳಿದ್ದರೆ? ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿಯಲ್ಲಿ ರಿಯಾಯಿತಿಯ ಭರವಸೆ ಕೊಡಬೇಕಾಯಿತು. ತಿಳಿಸಿ ಹೇಳುವ ಕೆಲಸ ನೋಟಿಸಿಗಿಂತ ಮೊದಲು ಆಗಬೇಕಿತ್ತು.

ಇನ್ನು ಅಂಗಡಿ, ಸಂತೆಗಳಿಗೆ ಹೋಗದೆ ಫೋನಿನಲ್ಲೇ ಕೊಳ್ಳುವವರಿಗೂ ಕಾನೂನಿನ ರಕ್ಷಣೆಯಿದೆ, 2020ರ ಇ-ಕಾಮರ್ಸ್ ನಿಯಮಗಳು. ದೂರು ತಲುಪಿದ್ದನ್ನು ಕಂಪನಿ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ತಿಂಗಳೊಳಗೆ ಪರಿಹರಿಸಬೇಕು.

ಈಗ ಅಸಲು ಮಾತಿಗೆ ಬರೋಣ. ಈ ಎಲ್ಲ ಕಾನೂನುಗಳ ಹಿಂದೆ ಒಬ್ಬ ಕಲ್ಪಿತ ಗಿರಾಕಿ ಇದ್ದಾನೆ. ಅವನು ದುಡ್ಡು ಎಣಿಸಿ ಕೊಡುತ್ತಾನೆ, ಬಿಲ್ ಕೇಳುತ್ತಾನೆ, ಮೋಸ ಕಂಡರೆ ದೂರು ಬರೆಯುತ್ತಾನೆ, ಮರುದಿನ ಬೇರೆ ಅಂಗಡಿಗೆ ಹೋಗುತ್ತಾನೆ. ಗ್ರಾಹಕರ ಸಹಾಯವಾಣಿ 1915 ಅವನಿಗಾಗಿ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಗುಡವಿ ಕಡೆಯ ಸಣ್ಣ ರೈತ ಗೊಬ್ಬರವನ್ನೋ ದಿನಸಿಯನ್ನೋ ಉದ್ರಿ ತರುವವನು. ಅಂಗಡಿಯವನ ಪುಸ್ತಕದಲ್ಲಿ ಅವನ ಹೆಸರಿದೆ. ಬೆಳೆ ಮಾರಿದ ಮೇಲೆ ಬಾಕಿ ಚುಕ್ತಾ. ಅಂಥವನು ‘ಈ ಬಾಟಲಿ ನನಗೆ ಬೇಡ, ಬಿಲ್ ಕೊಡಿ’ ಎಂದು ಹೇಗೆ ಹೇಳಿಯಾನು? ಮುಂದಿನ ಹಂಗಾಮಿಗೂ ಅದೇ ಬಾಗಿಲಿಗೆ ಹೋಗಬೇಕು. ದೂರಿಗಾಗಿ ಶಿವಮೊಗ್ಗಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು.

ಅಂಗಡಿಯವನನ್ನು ಖಳನಾಯಕ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ಕಾಸಿಲ್ಲದ ತಿಂಗಳುಗಳಲ್ಲಿ ಹಳ್ಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಅವನು ಬರೆದುಕೊಂಡು ಕೊಟ್ಟ ಸಾಮಾನಿನಿಂದಲೇ. ಉದ್ರಿ ಉಳಿಯಲಿ. ಆದರೆ ದೂರು ಬಂದರಷ್ಟೇ ಏಳುವ ವ್ಯವಸ್ಥೆಯಿಂದ ಉದ್ರಿ ಗಿರಾಕಿಗೆ ಏನೂ ಪ್ರಯೋಜನವಿಲ್ಲ. ಅವನ ಪರವಾಗಿ ಅಧಿಕಾರಿಯೇ ಅಂಗಡಿಗೆ ಬರಬೇಕು. ಅದೂ ಮೇ ತಿಂಗಳ ಕೊನೆಯಲ್ಲಿ, ಗೊಬ್ಬರದ ನೂಕುನುಗ್ಗಲು ಶುರುವಾಗುವ ಮೊದಲು. ಕೃಷಿ ಇಲಾಖೆಯ ಪರಿವೀಕ್ಷಕರು ದಾಸ್ತಾನಿನ ಬೋರ್ಡು ನೋಡಲಿ, ಕಾನೂನು ಮಾಪನ ಇಲಾಖೆಯವರು ಸಂತೆಯ ದಿನವೇ ಬಂದು ತಕ್ಕಡಿ ಪರೀಕ್ಷಿಸಲಿ, ನಿಗದಿತ ದರದ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಇರಲಿ.

ಇದಕ್ಕೆ ಹೊಸ ಕಾನೂನೇನೂ ಬೇಡ. ರಸಗೊಬ್ಬರ ನಿಯಂತ್ರಣ ಆದೇಶದ 5ನೇ ಖಂಡವು ಗೊಬ್ಬರ ಕೊಂಡ ಪ್ರತಿಯೊಬ್ಬರಿಗೂ ನಮೂನೆ ‘ಎಂ’ನಲ್ಲಿ ರಸೀದಿ ಕೊಡಬೇಕೆಂದು ಹೇಳುತ್ತದೆ, ನಗದಾದರೂ ಸರಿ, ಉದ್ರಿಯಾದರೂ ಸರಿ. ಸೊರಬ, ಶಿಕಾರಿಪುರದ ಕೃಷಿ ಅಧಿಕಾರಿಗಳು ಈ ಮುಂಗಾರಿನಲ್ಲಿ ಅಂಗಡಿಗೆ ಹೋದಾಗ ಮೊದಲು ತೆರೆಸಿ ನೋಡಬೇಕಾದದ್ದು ಆ ಉದ್ರಿ ರಸೀದಿಗಳ ಪುಸ್ತಕವನ್ನು.