ಪಿಯುಸಿ ಲೆಕ್ಕದಲ್ಲಿ ಬಾಕ್ಸಿಂಗ್!

ಹೆವಿವೇಟ್ ಬಾಕ್ಸಿಂಗ್ ಪಂದ್ಯ ನಿಗದಿಯಾದರೆ ಸಾಕು, ಪಂಡಿತರು ಶುರು ಹಚ್ಕೋತಾರೆ. "ಅವನನ್ನ ಸೋಲಿಸಿದವನನ್ನೇ ಇವನು ಸೋಲಿಸಿದ್ದಾನೆ, ಹಾಗಾಗಿ ಇವನೇ ಗೆಲ್ಲೋದು." ಸ್ವಾಮಿ, ಇದು ಪಿಯುಸಿಯ ಟ್ರಾನ್ಸಿಟಿವ್ ರಿಲೇಷನ್ನು, ಬಾಕ್ಸಿಂಗ್ ಅಲ್ಲ!

1974ರ ಅಕ್ಟೋಬರ್‌ನಲ್ಲಿ ಆಗಿನ ಝೈರ್ ದೇಶದ ಕಿನ್ಶಾಸಾದಲ್ಲಿ ಅಲಿ-ಫೋರ್‌ಮನ್ ಸೆಣಸೋ ಮುಂಚೆಯೂ ಇದೇ ಲೆಕ್ಕ. ಅಲ್ಲಿವರೆಗೆ ಅಲಿಯನ್ನ ಸೋಲಿಸಿದ್ದವರು ಇಬ್ಬರೇ, ಫ್ರೇಜಿಯರ್ ಮತ್ತು ನಾರ್ಟನ್. ಇಬ್ಬರನ್ನೂ ಫೋರ್‌ಮನ್ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದ. ಅವನಿಗೆ 25, ಅಲಿಗೆ 32. ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದ. ಇನ್ನೇನು ಬೇಕು?

ಸಾಫ್ಟ್‌ವೇರ್‌ನಲ್ಲಿ ಹೊಟ್ಟೆ ಹೊರೆಯೋ ನಾನು ಮೊದಲು ಕೇಳೋದು: ಯಾವುದು ಟೆಸ್ಟ್ ಆಗಿಲ್ಲ? ಫೋರ್‌ಮನ್‌ನ ಹಿಂದಿನ ಮೂರು ವಿಶ್ವ ಪ್ರಶಸ್ತಿ ಪಂದ್ಯ ಕೂಡಿಸಿದ್ರೂ ಐದು ಸುತ್ತು ಪೂರ್ತಿ ಆಗ್ತಿರಲಿಲ್ಲ. ಇದೋ 15 ಸುತ್ತಿನ ಪಂದ್ಯ! ಅಲಿಯಾದರೋ 1973ರಲ್ಲಿ ದವಡೆ ಮುರಿದರೂ ನಾರ್ಟನ್ ಎದುರು 12 ಸುತ್ತು ನಿಂತವನು. ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ಏಟು ತಿಂದ. ಹೊಡೆದೂ ಹೊಡೆದೂ ಸುಸ್ತಾದ ಫೋರ್‌ಮನ್ ಎಂಟನೇ ಸುತ್ತಿನಲ್ಲಿ ಉರುಳಿದ.

ಗೆಲುವಿನ ಪಟ್ಟಿ ಪಕ್ಕಕ್ಕಿಡಿ. ಯಾರ ಉಸಿರು ಎಷ್ಟು ಸುತ್ತು ಬಾಳುತ್ತೆ, ಅದನ್ನ ಹೇಳಿ. ಏನಂತೀರಿ?