ಮೆಟ್ಟಿಲ ಮೇಲೆ ಕೂತು ನೋಡುವವರಿಗೆ

1/7

ಫೀಡ್‌ನಲ್ಲಿ ಒಂದು ಥರದ ರೀಲ್ ಪದೇ ಪದೇ ಬರುತ್ತೆ, ನೀವೂ ನೋಡಿರ್ತೀರ. ಬಿಳೀ ಹಿಮದ ಇಳಿಜಾರು. ಅದರ ಮೇಲೆ ತಂತಿಗೆ ನೇತಾಡ್ತಾ ಹೋಗೋ ಕುರ್ಚಿಗಳು, ಅದೇ ಚೇರ್‌ಲಿಫ್ಟ್. ಕುರ್ಚಿಯಲ್ಲಿ ಕೂತವರು ಕೆಳಗೆ ಸ್ಕೀ ಮಾಡೋರನ್ನ ವಿಡಿಯೋ ಮಾಡ್ತಾರೆ. ಯಾರಾದ್ರೂ ಧೊಪ್ ಅಂತ ಬಿದ್ರೆ ಮೇಲಿಂದ ಕೂಗು, ಶಿಳ್ಳೆ, ನಗು. ನಮ್ಮ ದೇಶದಲ್ಲೂ ಉತ್ತರಾಖಂಡದ ಔಲಿಯಲ್ಲಿ ಇಂಥ ಲಿಫ್ಟ್ ಇದೆ.

ಕೆಜಿಎಫ್‌ನಲ್ಲಿ ಹಿಮ ಅಂದ್ರೆ ಫ್ರಿಜ್ ಒಳಗಡೆ ಕಟ್ಟೋದು ಮಾತ್ರ. ಆದ್ರೂ ಈ ರೀಲ್ ನೋಡಿದಾಗೆಲ್ಲ ನನಗೆ ನಮ್ಮೂರೇ ನೆನಪಾಗುತ್ತೆ. ಯಾಕೆ ಅಂತ ಹೇಳ್ತೀನಿ.

ಕೆಳಗೆ ಜಾರೋರಿಗೆ ಮೇಲಿನ ಕಣ್ಣು ಹೇಗನ್ನಿಸುತ್ತೆ? ಚೆನ್ನಾಗಿ ಬರೋರಿಗೆ ಖುಷಿ, ಬೇಕಂತಲೇ ಲಿಫ್ಟ್ ಕೆಳಗೆ ಬಂದು ಸ್ಟೈಲ್ ಹೊಡೀಬಹುದು. ಈಗಿನ್ನೂ ಕಲೀತಿರೋರಿಗೆ ಜೀವ ಕೈಗೆ ಬರುತ್ತೆ. ಆದ್ರೂ ಅಲ್ಲೊಂದು ನ್ಯಾಯ ಇದೆ. ಸ್ಕೀ ಕಟ್ಟಿಕೊಂಡು ಲಿಫ್ಟ್ ಹತ್ತಿದವನು ತುದಿ ತಲುಪಿದ ಮೇಲೆ ಇಳೀಲೇಬೇಕು. ಇಳಿದ ಮೇಲೆ ಅದೇ ಇಳಿಜಾರಲ್ಲಿ ಜಾರಲೇಬೇಕು. ಈಗ ನಕ್ಕವನು ಇನ್ನೈದು ನಿಮಿಷಕ್ಕೆ ತಾನೇ ಬೀಳ್ತಾನೆ, ಆಗ ಹಿಂದಿನ ಕುರ್ಚಿಯವರು ನಗ್ತಾರೆ.

ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಇದು ಡಬಲ್ ಎಂಟ್ರಿ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್. ಲೆಕ್ಕ ಟ್ಯಾಲಿ ಆಗುತ್ತೆ.

ನಮ್ಮೂರ ಮೈದಾನದ ಲೆಕ್ಕ ಟ್ಯಾಲಿ ಆಗಲ್ಲ. ಜಗಳ ಇರೋದು ಅಲ್ಲೇ.

2/7

ಯಾವ ಮೈದಾನ ಅಂತ ಹೆಸರು ಹೇಳಲ್ಲ. ರಾಬರ್ಟ್‌ಸನ್‌ಪೇಟೆಯವರೂ ಬಂಗಾರಪೇಟೆಯವರೂ ಇಬ್ಬರೂ ‘ಇದು ನಮ್ಮದೇ’ ಅಂದ್ಕೊಳ್ತೀರ ಅಂತ ಗೊತ್ತು, ಹಾಗೇ ಅಂದ್ಕೊಳ್ಳಿ. ಒಂದು ಕಡೆ ಮೆಟ್ಟಿಲು. ಮೆಟ್ಟಿಲ ಮೇಲೆ ಹುಡುಗರು. ಕೈಯಲ್ಲಿ ಫೋನು. ಕೆಳಗೆ ನಾಲ್ಕೈದು ಹುಡುಗೀರು ಓಡ್ತಿದ್ದಾರೆ.

ಇವರು ಯಾಕೆ ಓಡ್ತಿದ್ದಾರೆ ಅಂತ ಮೆಟ್ಟಿಲ ಮೇಲಿನವರು ಯಾರಾದ್ರೂ ಕೇಳಿದ್ದೀರಾ? ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ. ಮಹಿಳೆಯರಿಗೆ 400 ಮೀಟರ್ ಓಟ 2 ನಿಮಿಷದೊಳಗೆ ಮುಗೀಬೇಕು. ಉದ್ದ ಜಿಗಿತ 2.5 ಮೀಟರ್, ಇಲ್ಲಾಂದ್ರೆ ಎತ್ತರ ಜಿಗಿತ 0.9 ಮೀಟರ್. 4 ಕೆಜಿ ಗುಂಡನ್ನ 3.75 ಮೀಟರ್ ದೂರ ಎಸೀಬೇಕು. ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಮಾರ್ಕ್ಸ್ ಬಂದಿರಲಿ, ಇದು ಆಗಲಿಲ್ಲ ಅಂದ್ರೆ ಮನೆಗೆ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾವೆಲ್ಲ ಹುಟ್ಟಿದ್ದೇ ಆಮೇಲೆ. ಕೆಲಸ ಬೇಕು ಅಂದ್ರೆ ಬೆಳಗಿನ ಜಾವ ಮಾರಿಕುಪ್ಪಂ ಟ್ರೈನ್ ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸ್. ಇಂಥ ಊರಲ್ಲಿ ಒಂದು ಸರ್ಕಾರಿ ಕೆಲಸ ಅಂದ್ರೆ ಏನು ಅಂತ ನಿಮ್ಮನೇಲೇ ಕೇಳಿ ನೋಡಿ.

ನಾನು ಓಡಲ್ಲ. ಸ್ಟಾಪ್‌ವಾಚ್ ಹಿಡಿಯೋಳು. ಹಾಗಾಗಿ ಸೆಕೆಂಡ್ ಲೆಕ್ಕ ನನ್ನ ಹತ್ರ ಇದೆ. ಮೆಟ್ಟಿಲು ಖಾಲಿ ಇದ್ದ ದಿನ 1 ನಿಮಿಷ 56 ಸೆಕೆಂಡ್‌ಗೆ ಮುಗಿಸಿದ ಗೆಳತಿ, ಮೆಟ್ಟಿಲು ತುಂಬಿದ ದಿನ 2 ನಿಮಿಷ 9 ಸೆಕೆಂಡ್. ಅದೇ ಕಾಲು, ಅದೇ ಶೂ. ಓಡೋ ಹೊತ್ತಲ್ಲಿ ಎರಡು ಸಲ ಟೀ ಶರ್ಟ್ ಎಳೆದುಕೊಂಡಳು, ಒಂದು ಸಲ ದುಪಟ್ಟಾ ಬಿಚ್ಚಿ ಮತ್ತೆ ಕಟ್ಟಿದಳು, ಮೆಟ್ಟಿಲ ಹತ್ತಿರದ ತಿರುವಲ್ಲಿ ತಲೆ ತಗ್ಗಿಸಿದಳು. ಆ 13 ಸೆಕೆಂಡ್ ಎಲ್ಲಿ ಹೋಯ್ತು ಅಂದ್ರೆ ಅಲ್ಲಿ ಹೋಯ್ತು.

3/7

‘ಅದೆಲ್ಲ ಮೈಂಡ್‌ಸೆಟ್, ಸ್ಟ್ರಾಂಗ್ ಆಗಿರ್ಬೇಕು’ ಅಂತೀರ. ಸರಿ, ಸ್ವಲ್ಪ ಸೈನ್ಸ್.

1965ರಲ್ಲಿ ರಾಬರ್ಟ್ ಝಯಾನ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಮಾತು ಹೇಳಿದರು: ಯಾರಾದ್ರೂ ನೋಡ್ತಿದ್ರೆ, ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತೆ. ಇನ್ನೂ ಕಲೀತಿರೋ ಕೆಲಸ ಕೆಡುತ್ತೆ. 1969ರಲ್ಲಿ ಅವರು ಮತ್ತು ಅವರ ಜೊತೆಗಾರರು ಇದನ್ನ ಜಿರಳೆಗಳ ಮೇಲೂ ಪರೀಕ್ಷೆ ಮಾಡಿದರು. ಹೌದು, ಜಿರಳೆ. ಪಕ್ಕದಲ್ಲಿ ಡಬ್ಬಿಯಲ್ಲಿ ಬೇರೆ ಜಿರಳೆಗಳನ್ನ ಪ್ರೇಕ್ಷಕರಾಗಿ ಕೂರಿಸಿದರು. ನೇರ ದಾರಿಯಲ್ಲಿ ಜಿರಳೆ ಜೋರಾಗಿ ಓಡ್ತು. ತಿರುವು ಹುಡುಕಬೇಕಾದ ದಾರಿಯಲ್ಲಿ ನಿಧಾನ ಆಯ್ತು. ಪಾಪ, ಅದಕ್ಕೆ ಯಾವ ಮೈಂಡ್‌ಸೆಟ್ಟು?

1982ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ಪೂಲ್ ಆಡೋರ ಮೇಲೆ ಇದೇ ನೋಡಿದರು. ನಾಲ್ಕು ಜನ ಬಂದು ಟೇಬಲ್ ಹತ್ತಿರ ನಿಂತು ನೋಡಿದಾಗ, ಚೆನ್ನಾಗಿ ಆಡೋರ ಗುರಿ ಶೇ 71ರಿಂದ 80ಕ್ಕೆ ಏರಿತು. ಅಷ್ಟಕ್ಕಷ್ಟೇ ಆಡೋರದು ಶೇ 36ರಿಂದ 25ಕ್ಕೆ ಇಳೀತು.

ಇದರ ಅರ್ಥ ಸಿಂಪಲ್. ಕಲಿತವರಿಗೆ ಪ್ರೇಕ್ಷಕರು ಬಲ, ಕಲಿಯೋರಿಗೆ ಭಾರ. ಆಯ್ಕೆ ದಿನ ಎಲ್ಲರೂ ನೋಡ್ತಾರಲ್ಲ, ಈಗಲೇ ರೂಢಿ ಆಗ್ಲಿ ಅನ್ನೋರಿಗೆ ಉತ್ತರ ಇದರಲ್ಲೇ ಇದೆ: ಮೊದಲು ಕಾಲಿಗೆ ಓಟ ರೂಢಿ ಆಗ್ಲಿ, ಆಮೇಲೆ ಊರೆಲ್ಲ ಬಂದು ನೋಡ್ಲಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಚಿನ್ನ ಗೆದ್ದವರು. ಆ ಫೋಟೋಗೆ ನಾವೆಲ್ಲ ಲೈಕ್ ಒತ್ತಿ ‘ಹೆಮ್ಮೆಯ ಕನ್ನಡತಿ’ ಅಂತೀವಿ. ಗೆದ್ದ ಮೇಲೆ ಚಪ್ಪಾಳೆ ಹೊಡೆಯೋಕೆ ಎಲ್ಲರಿಗೂ ಬರುತ್ತೆ. ಕಲಿಯುವಾಗ ಬೀಳೋಕೆ ಬಿಡೋದು ನಮಗೆ ಬರಲ್ಲ.

4/7

ಈಗ ಡಿಎಂಗೆ ಬರೋ ಮಾತುಗಳಿಗೆ ಒಂದೊಂದಾಗಿ ಉತ್ತರ.

‘ಪಬ್ಲಿಕ್ ಪ್ಲೇಸ್ ತಾನೆ?’ ಹೌದು, ಪಬ್ಲಿಕ್ ಪ್ಲೇಸೇ. ಓಡೋರೂ ಪಬ್ಲಿಕ್ಕೇ. ಒಬ್ಬರು ಕೂತಿದ್ದರಿಂದ ಇನ್ನೊಬ್ಬರು ಬರೋದೇ ಬಿಟ್ರೆ ಅದು ಯಾರ ಪಬ್ಲಿಕ್ಕು?

‘ನೋಡಿದ್ರೆ ಸವೆದು ಹೋಗ್ತೀರಾ?’ ನೋಟ ಒಂದು ಮಾತು, ಫೋನು ಇನ್ನೊಂದು. ಕಣ್ಣಿಂದ ನೋಡಿದ್ದನ್ನ ನಾಳೆ ಮರೀತೀರ. ಫೋನು ಮರೆಯಲ್ಲ. ಅದು ಸ್ಲೋ ಮೋಷನ್ ಆಗುತ್ತೆ, ಹಾಡು ಸೇರುತ್ತೆ, ಕ್ಲಾಸ್ ಗ್ರೂಪ್‌ಗೆ ಬರುತ್ತೆ, ಕಸಿನ್ ಗ್ರೂಪ್‌ಗೆ ಹೋಗುತ್ತೆ, ಕೊನೆಗೆ ಅಪ್ಪನ ಕೈಗೆ ಸಿಗುತ್ತೆ. ಅಪ್ಪ ವಿಡಿಯೋ ತೆಗೆದವನನ್ನ ಬೈಯಲ್ಲ. ‘ನಾಳೆಯಿಂದ ಗ್ರೌಂಡಿಗೆ ಹೋಗ್ಬೇಡ’ ಅಂತಾರೆ. ನಿಮ್ಮ 15 ಸೆಕೆಂಡ್ ರೀಲಿಗೆ ಬೆಲೆ ಕಟ್ಟೋರು ನೀವಲ್ಲ.

‘ನಾವು ಕ್ರಿಕೆಟ್ ಆಡುವಾಗ್ಲೂ ಜನ ನೋಡ್ತಾರೆ, ಬೌಲ್ಡ್ ಆದ್ರೆ ಬಾಯಿ ಬಾಯಿ ಬಡ್ಕೊಳ್ತಾರೆ.’ ಸರಿಯಾದ ಪ್ರಶ್ನೆ. ನೋಡೋರು ಯಾರು ಅಂತ ಗಮನಿಸಿ. ಮುಂದಿನ ಬ್ಯಾಟ್ಸ್‌ಮನ್. ಪ್ಯಾಡ್ ಕಟ್ಟಿ ಕೂತಿರ್ತಾನೆ. ಐದು ನಿಮಿಷಕ್ಕೆ ಅವನೇ ಔಟು. ಅದು ಚೇರ್‌ಲಿಫ್ಟ್ ಲೆಕ್ಕ.

ಇನ್ನೂ ಸುಲಭದ ಉದಾಹರಣೆ ಬೇಕಾ? ಬಂಗಾರಪೇಟೆ ಪಾನಿಪೂರಿ. ಗಾಡಿ ಸುತ್ತ ಹತ್ತು ಜನ ನಿಂತು, ಬಾಯಿ ಆ ಅಂತ ತೆರೆದು, ಗಲ್ಲ ಉಬ್ಬಿಸಿಕೊಂಡು, ಗದ್ದದಿಂದ ನೀರು ಸುರಿಸ್ಕೊಂಡು ತಿಂತೀವಿ. ನಾಚಿಕೆ ಆಗುತ್ತಾ? ಇಲ್ಲ. ಎಲ್ಲರ ಬಾಯೂ ತೆರೆದಿರುತ್ತೆ ಅಲ್ವಾ! ಒಬ್ಬ ಮಾತ್ರ ಏನೂ ತಿನ್ನದೆ, ಎದುರಿಗೆ ನಿಂತು, ನಿಮ್ಮ ಬಾಯಿಗೇ ಝೂಮ್ ಮಾಡಿದ್ರೆ? ಪ್ಲೇಟ್ ಇಟ್ಟು ಏನೋ ನಿಂದು ಅಂತ ಕೇಳ್ತೀರ. ಹುಡುಗೀರು ಮೈದಾನದಲ್ಲಿ ಆ ಪ್ರಶ್ನೆ ಕೇಳಿದ್ರೆ ‘ಸೀನ್ ಮಾಡ್ತಾಳೆ’ ಅಂತೀರ.

5/7

ಕೆಜಿಎಫ್ ಹುಡುಗರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗ್ಬೇಕು. ನೋಡಿಸಿಕೊಳ್ಳೋದು ಅಂದ್ರೆ ಏನು ಅಂತ ಈ ಊರಿನ ಮೈಗೇ ಗೊತ್ತು.

ನಮ್ಮ ತಾತಂದಿರು 3 ಕಿಲೋಮೀಟರ್‌ಗಿಂತ ಆಳ ಇಳಿದು ಕೆಲಸ ಮಾಡಿದೋರು. ಮೇಲೆ ಬಂದರೆ ಚಿನ್ನ ಕದ್ದಿದ್ದಾರಾ ಅಂತ ತಪಾಸಣೆ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸ್ಕೋಬೇಕು ಅಂತ ಕಂಪನಿ ನಿಯಮ ತಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ದುಡಿದು ತಿನ್ನೋ ನಮ್ಮನ್ನ ಕಳ್ಳರ ಥರ ಯಾಕೆ ನೋಡ್ತೀರ ಅನ್ನೋ ಸಿಟ್ಟು ಅದರಲ್ಲಿತ್ತು ಅಂತ ನಾನು ಓದಿಕೊಳ್ತೀನಿ.

ಅದು ಹಳೇ ಮಾತು ಅಂತೀರಾ? ಇವತ್ತಿನದು ತಗೊಳ್ಳಿ. 2018ರಲ್ಲಿ ಸಿನಿಮಾ ಬಂದ ಮೇಲೆ ವೀಕೆಂಡ್ ಆದ್ರೆ ಹೊರಗಿನವರು ಬರ್ತಾರೆ. ಸೈನೈಡ್ ದಿಬ್ಬ ಹತ್ತುತ್ತಾರೆ. ಅಲ್ಲಿಂದ ನಮ್ಮ ಲೈನ್ ಮನೆಗಳ ಕಡೆ ಕ್ಯಾಮೆರಾ ತಿರುಗಿಸ್ತಾರೆ, ಡ್ರೋನ್ ಬಿಡ್ತಾರೆ. ಒಣಗಿ ಹಾಕಿದ ಬಟ್ಟೆ, ಬಿಂದಿಗೆ ಸಾಲು, ಬಾಗಿಲಲ್ಲಿ ಕೂತ ಅಜ್ಜಿ. ಕೆಳಗೆ ಕ್ಯಾಪ್ಷನ್: ‘ಸತ್ತ ಊರು’. ಆಗ ಕಾಮೆಂಟಲ್ಲಿ ಯಾರು ಜಗಳಕ್ಕೆ ಇಳೀತಾರೆ? ನೀವೇ. ‘ಇಲ್ಲಿ ಜನ ಬದುಕಿದ್ದೀವಿ ಕಣ್ರೋ, ಕೇಳದೆ ನಮ್ಮನೆ ವಿಡಿಯೋ ಯಾಕೆ ಮಾಡಿದ್ರಿ?’ ಅಂತ ಬರೆದಿದ್ದು ನಾನು ಓದಿದ್ದೀನಿ. ಲೈಕೂ ಕೊಟ್ಟಿದ್ದೀನಿ.

ಆ ಸಿಟ್ಟು ಸರಿ. ಮೇಲೆ ನಿಂತವನು ಇಲ್ಲಿ ಒಂದು ದಿನ ಬಾಳಲ್ಲ, ನೀರಿಗೆ ಕಾಯಲ್ಲ, ಟ್ರೈನ್ ಹಿಡಿಯಲ್ಲ. ನೋಡ್ತಾನೆ, ತಗೊಂಡು ಹೋಗ್ತಾನೆ. ಮೈದಾನದಲ್ಲಿ ಓಡೋಳಿಗೆ ಬರೋದೂ ಅದೇ ಸಿಟ್ಟು. ದಿಬ್ಬದ ಬದಲು ಮೆಟ್ಟಿಲು, ಅಷ್ಟೇ ವ್ಯತ್ಯಾಸ. ಮೇಲೆ ಕೂತಿರೋದು ಈ ಸಲ ನೀವು.

6/7

‘ಹುಡುಗೀರೇ ರೀಲ್ಸ್ ಹಾಕ್ತಾರಲ್ಲ, ಆಗ ನೋಡ್ಬಹುದಾ?’

ನೋಡಿ, ಹಾಕಿರೋದೇ ನೋಡ್ಲಿ ಅಂತ. ಅದರಲ್ಲಿ ಯಾವ ಆ್ಯಂಗಲ್, ಯಾವ ಟೇಕ್, ಯಾವಾಗ ಡಿಲೀಟ್ ಅಂತ ತೀರ್ಮಾನ ಮಾಡಿರೋದು ಅವಳು. ಪರ್ಸಿನಿಂದ ತಾನೇ ತೆಗೆದು ಕೊಟ್ಟ ನೂರು ರೂಪಾಯಿಗೂ, ಬಸ್ಸಲ್ಲಿ ಹೊಡೆಸಿಕೊಂಡ ನೂರು ರೂಪಾಯಿಗೂ ವ್ಯತ್ಯಾಸ ಗೊತ್ತಾಗೋಕೆ ಬಿಕಾಂ ಓದ್ಬೇಕಿಲ್ಲ.

‘ನಾವು ಎನ್‌ಕರೇಜ್ ಮಾಡ್ತಿದ್ವಿ, ಅದಕ್ಕೇ ಕೂಗಿದ್ದು.’ ಎನ್‌ಕರೇಜ್ ಮಾಡೋರಿಗೆ ಓಡೋಳ ಟೈಮಿಂಗ್ ಗೊತ್ತಿರುತ್ತೆ. ‘ಇನ್ನು ನೂರೇ ಮೀಟರ್, ಬಿಡ್ಬೇಡ’ ಅಂತ ಕೂಗ್ತಾರೆ. ‘ಏನ್ ಮಚ್ಚಾ, ಭೂಕಂಪನಾ?’ ಅಂತ ಕೂಗಲ್ಲ.

ಹುಡುಗೀರಿಗೂ ಒಂದು ಮಾತಿದೆ. ಮೆಟ್ಟಿಲ ಇನ್ನೊಂದು ತುದಿಯಲ್ಲಿ ಕೂತು ‘ಇವಳಿಗೆ ಯಾಕೆ ಬೇಕಿತ್ತು, ಆ ಪ್ಯಾಂಟ್ ನೋಡೇ’ ಅಂತ ಪಿಸುಗುಡೋರು ನಮ್ಮಲ್ಲೇ ಇದ್ದಾರೆ. ಫೋನ್ ಹಿಡಿಯದಿದ್ರೂ ಕೆಲಸ ಅದೇ.

ಇದೆಲ್ಲ ಆದ ಮೇಲೆ ಏನಾಯ್ತು ಅಂತ ಕೇಳ್ತೀರಾ? ನಾವು ಟೈಮ್ ಬದಲಾಯಿಸಿದ್ವಿ. ಸಂಜೆ ಐದರ ಬದಲು ಬೆಳಿಗ್ಗೆ ಐದು. ಕತ್ತಲಲ್ಲಿ ಮನೆಯಿಂದ ಬಿಡಲ್ಲ ಅಂತ ಇಬ್ಬರು ನಿಂತರು. ಬೀದಿ ನಾಯಿಗೆ ಹೆದರಿ ಮೂರನೆಯವಳು ನಿಂತಳು. ಈಗ ನಾನೂ, ಸ್ಟಾಪ್‌ವಾಚೂ, ಒಬ್ಬಳು ಓಡೋಳೂ ಉಳಿದಿದ್ದೀವಿ. ಓಟ ಬಿಟ್ಟ ಮೂವರನ್ನ ಯಾರೂ ಹೊಡೆದಿಲ್ಲ, ಮುಟ್ಟಿಲ್ಲ, ‘ಬರ್ಬೇಡಿ’ ಅಂತ ಹೇಳೂ ಇಲ್ಲ. ಬರೀ ನೋಡಿದ್ರು.

7/7

ನೋಡಲೇಬಾರದು ಅಂತ ನಾನು ಹೇಳ್ತಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡೋಕೆ ಆಗಲ್ಲ. ನಾನೂ ನೋಡೋಳೇ, ದಿನಾ ಗಡಿಯಾರ ಹಿಡಿದು ನೋಡ್ತೀನಿ. ಕೇಳ್ತಿರೋದು ಇಷ್ಟೇ: ನೋಡೋನು ಕೆಳಗಿಳಿಯೋನೂ ಆಗಿರ್ಲಿ.

ಮೆಟ್ಟಿಲ ಮೇಲೆ ಕೂರ್ತೀರಾ? ಕೂರಿ. ಫೋನ್ ಜೇಬಲ್ಲಿರ್ಲಿ.

ಪ್ರಾಕ್ಟೀಸ್ ವಿಡಿಯೋ ನಿಜವಾಗ್ಲೂ ಉಪಯೋಗ ಆಗುತ್ತೆ ಅನ್ಸುತ್ತಾ? ಮೊದಲು ಹೋಗಿ ಕೇಳಿ. ಬೇಡ ಅಂದ್ರೆ ಮತ್ತೆ ಕೇಳ್ಬೇಡಿ. ಹೂಂ ಅಂದ್ರೆ ತೆಗೆದು ಅವಳಿಗೇ ಕಳಿಸಿ, ನಿಮ್ಮ ಫೋನಿಂದ ಡಿಲೀಟ್ ಮಾಡಿ.

ಗ್ರೂಪಲ್ಲಿ ಇಂಥ ವಿಡಿಯೋ ಬಂದ್ರೆ ನಗೋ ಇಮೋಜಿ ಒತ್ತೋ ಮುಂಚೆ ‘ತೆಗಿ ಮಗಾ’ ಅಂತ ಎರಡು ಪದ ಟೈಪ್ ಮಾಡಿ. ಹುಡುಗೀರು ಹತ್ತು ಸಲ ಹೇಳಿದ್ದಕ್ಕಿಂತ ನಿಮ್ಮ ಗ್ಯಾಂಗಿನವನು ಒಂದು ಸಲ ಹೇಳಿದ್ದು ಕೆಲಸ ಮಾಡುತ್ತೆ. ಅದು ಹಾಗಿರಬಾರದು, ಆದ್ರೆ ಸದ್ಯಕ್ಕೆ ಹಾಗಿದೆ.

ಇಷ್ಟೆಲ್ಲ ರೂಲ್ಸ್ ನೆನಪಿಡೋಕೆ ಆಗಲ್ಲ ಅನ್ನೋರಿಗೆ ಒಂದೇ ರೂಲ್. ಅರ್ಧ ಗಂಟೆ ನೋಡಿದ್ರೆ ಇಳಿದು ಬಂದು ಒಂದು ರೌಂಡ್ ಓಡಿ. ಗಂಡಸರಿಗೆ ಆಯ್ಕೆಯಲ್ಲಿ 1600 ಮೀಟರ್, 6 ನಿಮಿಷ 30 ಸೆಕೆಂಡ್. ನಿಮ್ಮ ಟೈಮೂ ನಾನೇ ಬರ್ಕೊಳ್ತೀನಿ. ಮೂರನೇ ಸುತ್ತಲ್ಲಿ ಉಸಿರು ಹಿಡಿದಾಗ ಮೆಟ್ಟಿಲ ಕಡೆ ಒಂದ್ಸಲ ನೋಡಿ, ಅಲ್ಲಿ ಯಾರು ಕೂತಿದ್ರೆ ನಿಮಗೆ ಸಮಾಧಾನ, ಯಾರು ಕೂತಿದ್ರೆ ಹಿಂಸೆ ಅಂತ ನಿಮಗೇ ಗೊತ್ತಾಗುತ್ತೆ.

ಓಟ ಬಿಟ್ಟ ಮೂವರೂ ಇದನ್ನ ಓದ್ತೀರ ಅಂತ ಗೊತ್ತು. ಸೋಮವಾರದಿಂದ ಮತ್ತೆ ಸಂಜೆ ಐದಕ್ಕೇ ಹೋಗೋಣ. ಹೋದ ಸಲ ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರು ಈ ಸಲ ಕೆಳಗಿಳಿದು ಓಡ್ತೀವಿ ಅಂದಿದ್ದಾರೆ. ಬರ್ತಾರೋ ಇಲ್ವೋ ನೋಡೋಣ. ನೀವಂತೂ ಬನ್ನಿ.

ಈ ಸೀರೀಸನ್ನ ಸೇವ್ ಮಾಡೋದು ಬೇಡ. ಯಾರಿಗೆ ಕಳಿಸ್ಬೇಕು ಅಂತ ಓದುವಾಗ ಒಂದು ಹೆಸರು ತಲೆಗೆ ಬಂತಲ್ಲ, ಅವನಿಗೆ ಕಳಿಸಿ.

#ಕೆಜಿಎಫ್ #ಬಂಗಾರಪೇಟೆ #ಮೆಟ್ಟಿಲಿಳಿದು_ಬನ್ನಿ