ನಾಲಿಗೆಗೆ ಹತ್ತರಿ ಹಿಡಿಯುವವರು

ನಮ್ಮ ಕೇರಿಯ ಹುಡುಗನೊಬ್ಬ ನಟನಾಗಬೇಕೆಂದು ಬೆಂಗಳೂರಿಗೆ ಹೋದ. ಅವ್ವ ಎರಡು ಮೇಕೆ ಮಾರಿ ಫೀಸು ಕಟ್ಟಿದಳು. ಮೊದಲ ದಿನವೇ ಮೇಷ್ಟ್ರು ಎಲ್ಲರ ಮುಂದೆ ನಿಲ್ಲಿಸಿ 'ಹಾಸನ ಅನ್ನು' ಅಂದರು. ಇವನು 'ಆಸನ' ಅಂದ. ತರಗತಿ ನಕ್ಕಿತು. ಆ ನಗು ಮೂರು ತಿಂಗಳೂ ನಿಲ್ಲಲಿಲ್ಲ. ಕೊನೆಯ ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಬಾಗಿಲು ಕಾಯುವ ಆಳಿನ ಪಾತ್ರ. ಒಂದೂ ಮಾತಿಲ್ಲ. ಊರಿಗೆ ಬಂದವನು ಈಗ ಅವ್ವನ ಹತ್ತಿರ ಬಾಯಿ ಬಿಡಲೂ ಹಿಂಜರಿಯುತ್ತಾನೆ.

ಉಚ್ಚಾರ ಬೇಡ ಅಂತ ನಾವು ಹೇಳ್ತಾ ಇಲ್ಲ. ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕು; ಉಸಿರು ಹಿಡಿಯೋದು, ದನಿ ಎತ್ತೋದು ಕಲಿಯಲೇಬೇಕು. 'ಹ'ಕಾರವೂ ಬರಲಿ, ಪಾತ್ರ ಕೇಳಿದಾಗ. ಆದರೆ ಅಗ್ರಹಾರದ ಹುಡುಗನ ಕೈಲಿ ನಮ್ಮ ಮಾತು ಆಡಿಸೋಕೆ ಅದೇ ಮೇಷ್ಟ್ರು ಒಂದು ದಿನವಾದರೂ ಬೆವರು ಸುರಿಸಿದ್ದುಂಟೆ? ಅವನು 'ಏನ್ಲಾ' ಅಂದರೆ ಸಾಕು, ಹಳ್ಳಿಯವನ ಪಾತ್ರ ಸಿದ್ಧ. ಹತ್ತರಿ ಹಿಡಿಯೋದೆಲ್ಲ ನಮ್ಮ ನಾಲಿಗೆಗೇ!

ಬಾಯಿಬಿಟ್ಟರೆ ಇವರಿಗೆ ನಾಟ್ಯಶಾಸ್ತ್ರ. ಅದರ ಮೊದಲ ಅಧ್ಯಾಯವನ್ನಾದರೂ ಓದಲಿ. ಶೂದ್ರರು ವೇದ ಕೇಳುವಂತಿಲ್ಲ, ಅದಕ್ಕೇ ಎಲ್ಲ ವರ್ಣಕ್ಕೂ ಸಲ್ಲುವ ಐದನೆಯ ವೇದವಾಗಿ ನಾಟ್ಯ ಹುಟ್ಟಿತು ಅನ್ನುತ್ತದೆ ಆ ಕಥೆ. (ವರ್ಣದಿಂದಲೇ ಆಚೆ ಇಟ್ಟ ಪಂಚಮರಿಗೆ ಈ ಪಂಚಮವೇದ ಎಷ್ಟು ದಕ್ಕಿತೋ, ಬಿಡಿ.) ಕೊನೆಗೆ ಋಷಿಗಳನ್ನು ಅಣಕಿಸಿದ ತಪ್ಪಿಗೆ ಭರತನ ಮಕ್ಕಳಿಗೇ ಶೂದ್ರರಾಗಿ ಅಂತ ಶಾಪ. ಊರೂರು ತಿರುಗಿ ರಾಮನನ್ನೂ ರಾವಣನನ್ನೂ ಆಡಿದ ಹಗಲುವೇಷದವರ ಕಲೆಗೆ ಇದೇ ಸಮಾಜ ಭಿಕ್ಷೆ ಅಂತ ಹೆಸರಿಟ್ಟಿತು. ಫೀಸು ತಗೊಂಡು ಕಲಿಸಿದರೆ ಅದು ಅಭಿನಯ.

ಗೆಳೆಯರೇ, ದುಡ್ಡು ಕಟ್ಟೋ ಮುಂಚೆ ಕೇಳಿ. ಒಂದು ದಿನ ಹಿಂದೆ ಕೂತು ಪಾಠ ನೋಡಲು ಬಿಡ್ತಾರಾ? ಕಲಿಸುವವರು ರಂಗ ಹತ್ತಿದವರಾ? ಹೋದ ವರ್ಷದ ನಾಟಕದಲ್ಲಿ ದೊಡ್ಡ ಪಾತ್ರ ಯಾರಿಗೆ ಸಿಕ್ಕಿತ್ತು, ರಂಗದ ಕಸ ಗುಡಿಸಿದ್ದು ಯಾರು? 'ಸಿನಿಮಾ ಚಾನ್ಸು ಗ್ಯಾರಂಟಿ, ಫೋಟೋಗೆ ಬೇರೆ ದುಡ್ಡು' ಅಂದರೆ ಚಪ್ಪಲಿ ಮೆಟ್ಟಿ ಎದ್ದು ಬನ್ನಿ.

ಕಲಿಯೋಕೆ ಬೆಂಗಳೂರೇ ಆಗಬೇಕಿಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ನಟನೆಯ ಜೊತೆ ಬೆಳಕು, ರಂಗಸಜ್ಜಿಕೆ, ಪ್ರಸಾಧನವನ್ನೂ ಕಲಿಯಬೇಕು. ಹಾಗಂತ ಅಲ್ಲಿಗೆ ಹೋದಾಗಲೂ ಈ ಪ್ರಶ್ನೆಗಳನ್ನು ಜೇಬಲ್ಲೇ ಇಟ್ಟುಕೊಳ್ಳಬೇಡಿ. ಇನ್ನು 1975ರಲ್ಲಿ ಶುರುವಾದ 'ಸಮುದಾಯ', 1977ರ ಬಿಹಾರದ ಬೆಲ್ಚಿ ಕೊಲೆಗಳನ್ನು ಬೀದಿಯಲ್ಲೇ ಆಡಿ ತೋರಿಸಿತು. ನೋಡುವವರು ಮೊಳದಷ್ಟು ದೂರದಲ್ಲಿ ನಿಂತಿರುವಾಗ ಸುಳ್ಳು ಅಳು ನಡೆಯಲ್ಲ. ಅದೂ ಒಂದು ತರಗತಿ.

ಈ ಸಲ ನಮ್ಮ ಕೇರಿಯ ನಾಟಕದಲ್ಲಿ ಬಾಗಿಲು ಕಾಯುವ ಆಳಿಗೆ ನಾಲ್ಕು ಪುಟ ಮಾತು ಬರೆದಿದ್ದೇವೆ. ಹಾಳೆ ಆ ಹುಡುಗನ ಕೈಗಿಟ್ಟು 'ಓದ್ಲಾ' ಅಂದೆವು. ಅವನು ಸುಮಾರು ಹೊತ್ತು ಹಾಳೆ ನೋಡಿ ಕೇಳಿದ: 'ಯಾವ ಕನ್ನಡದಾಗೆ ಓದ್ಲಣ್ಣ?'